ಮಾಮೂಲ್‌ಪೇಟೆ ಅಂಗಡಿಗೆ ಯಾವ ಸರ್ವರ್? ಫೆಡಿವರ್ಸ್‌ನಲ್ಲಿ ಇಷ್ಟೊಂದು ಸಾಫ್ಟ್‌ವೇರ್ ಯಾಕೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಶುರುವಾಗಿದ್ದು ನಮ್ಮ ಚಿಕ್ಕಪ್ಪನ ಅಂಗಡಿಯಲ್ಲಿ.

ಚಿಕ್ಕಪ್ಪಂದು ಮಾಮೂಲ್‌ಪೇಟೆಯಲ್ಲಿ ಹೋಲ್‌ಸೇಲ್ ಅಂಗಡಿ. ಗಿಫ್ಟ್ ಪೇಪರ್, ರಿಬ್ಬನ್, ಮದುವೆ ಅಲಂಕಾರದ ಸಾಮಾನು. ಚಿಕ್ಕಪೇಟೆ ಮೆಟ್ರೋ ಇಳಿದು ಗಾಡಿ, ಕೂಲಿಯವರ ಮಧ್ಯೆ ನುಸುಳ್ಕೊಂಡು ಹೋದ್ರೆ ಸಿಗುತ್ತೆ. ಆರು ವರ್ಷದಿಂದ ಅವರು ಒಂದು ದೊಡ್ಡ ಆ್ಯಪ್‌ನಲ್ಲಿ ಅಂಗಡಿಯ ಪೇಜ್ ನಡೆಸ್ತಿದ್ರು. ಹೊಸ ಮಾಲು ಬಂದ ದಿನ ಫೋಟೋ ಹಾಕೋದು, ತುಮಕೂರು, ಹಾಸನದ ಗಿರಾಕಿಗಳು ಅದನ್ನ ನೋಡಿ ಆರ್ಡರ್ ಕೊಡೋದು. ಹೀಗೇ ನಡೀತಿತ್ತು. ಒಂದು ದಿನ ಬೆಳಗ್ಗೆ ಪೇಜ್ ಲಾಕ್ ಆಗಿತ್ತು. ಯಾವ ನಿಯಮ ಮೀರಿದ್ವಿ ಅಂತ ಹೇಳೋರಿಲ್ಲ. ಮನವಿ ಹಾಕಿದ್ರೆ ಯಂತ್ರದ ಉತ್ತರ. ದೀಪಾವಳಿಗೆ ಮೂರೇ ವಾರ ಬಾಕಿ ಇತ್ತು.

ಆವತ್ತು ಚಿಕ್ಕಪ್ಪ ನನ್ನ ಕೇಳಿದ್ರು: “ಅಲ್ಲ ಕಣೇ ಪುಟ್ಟಿ, ಈ ಅಂಗಡಿ ಬಾಡಿಗೇದೇ. ಆದ್ರೆ ಓನರ್ ಖಾಲಿ ಮಾಡು ಅಂದ್ರೂ ಪಕ್ಕದ ಬೀದೀಲಿ ಬೋರ್ಡ್ ಹಾಕಿದ್ರೆ ಗಿರಾಕಿ ಹುಡುಕ್ಕೊಂಡು ಬರ್ತಾನೆ. ಇಲ್ಲಿ ಹಂಗೆ ಪಕ್ಕದ ಬೀದಿ ಅನ್ನೋದೇ ಇಲ್ವಾ?”

ಇದೆ, ಚಿಕ್ಕಪ್ಪ. ಆ ಪಕ್ಕದ ಬೀದಿಗಳ ಹೆಸರೇ ಫೆಡಿವರ್ಸ್. ಅಲ್ಲಿಗೆ ಹೋಗೋರಿಗೆಲ್ಲ ಮೊದಲು ತಲೆ ಕೆಡಿಸೋ ಪ್ರಶ್ನೆ ಒಂದೇ: ಮಸ್ಟೊಡಾನ್, ಪ್ಲೆರೋಮಾ, ಮಿಸ್‌ಕೀ, ಲೆಮ್ಮಿ, ಪಿಕ್ಸೆಲ್‌ಫೆಡ್... ಇಷ್ಟೊಂದು ಯಾಕಪ್ಪಾ?

ಹಳದಿ ಹಕ್ಕಿಯ ಪಾಠ

ಮೊದಲು ನಮ್ಮೂರಿನದೇ ಒಂದು ಉದಾಹರಣೆ. ‘ಕೂ’ ನೆನಪಿದೆಯಾ? ಬೆಂಗಳೂರಿನ ಕಂಪನಿ, ಹಳದಿ ಹಕ್ಕಿಯ ಲೋಗೋ. 2020ರಲ್ಲಿ ಶುರುವಾಯ್ತು, ಅದೂ ಮೊದಲು ಕನ್ನಡದಲ್ಲಿ. ಆಮೇಲೆ ಬೇರೆ ಭಾಷೆಗಳಿಗೆ ಹರಡ್ತು. ಐದು ಕೋಟಿ ಡೌನ್‌ಲೋಡ್ ದಾಟಿದ್ದೀವಿ ಅಂತ 2022ರ ನವೆಂಬರ್‌ನಲ್ಲಿ ಕಂಪನಿ ಹೇಳ್ಕೊಂಡಿತ್ತು. 2024ರ ಜುಲೈನಲ್ಲಿ ಬಾಗಿಲು ಹಾಕ್ತು. ಬೇರೆ ಕಂಪನಿಗಳ ಜೊತೆ ಮಾತುಕತೆ ಕೂಡಿ ಬರಲಿಲ್ಲ, ಖರ್ಚು ಹೆಚ್ಚು ಅಂತ ಸಂಸ್ಥಾಪಕರು ಹೇಳಿದ್ರು.

ಇಲ್ಲಿ ಯಾರನ್ನೂ ದೂರೋ ಉದ್ದೇಶ ಇಲ್ಲ. ಕಂಪನಿ ಅಂದ್ಮೇಲೆ ಮುಚ್ಚಬಹುದು. ನಾನು ಹೇಳ್ತಿರೋದು ರಚನೆ ಬಗ್ಗೆ. ಸಾಫ್ಟ್‌ವೇರ್ ಒಬ್ಬರದ್ದೇ, ಸರ್ವರ್ ಒಬ್ಬರದ್ದೇ, ಗೇಟಿನ ಬೀಗವೂ ಅವರದ್ದೇ ಆದಾಗ ಅವರು ನಿಂತ ದಿನ ಎಲ್ಲರೂ ನಿಲ್ಲಬೇಕು. ಮಾಲೀಕರು ನಮ್ಮೂರಿನವರಾದ್ರೂ ಅಷ್ಟೇ, ಅಮೆರಿಕದವರಾದ್ರೂ ಅಷ್ಟೇ.

ಅಂಗಡಿ ಬೇರೆ, ಎಲ್‌ಆರ್ ಒಂದೇ

ಹಳೇ ಬೆಂಗಳೂರಿನ ಪೇಟೆಗಳ ಹೆಸರು ಹೇಳ್ತಾ ಹೋಗಿ. ಅಕ್ಕಿಪೇಟೆ, ಬಳೆಪೇಟೆ, ಕಾಟನ್‌ಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಒಂದೊಂದಕ್ಕೆ ಒಂದೊಂದು ಕಸುಬಿನ ಹೆಸರು. ಇವತ್ತು ಹೆಸರಿಗೂ ಮಾಲಿಗೂ ತಾಳೆ ಆಗದೇ ಇರಬಹುದು, ಆದ್ರೆ ಲೆಕ್ಕಾಚಾರ ಅದೇ: ಕಸುಬು ಬೇರೆ, ಅಂಗಡಿಯ ಒಳಗಿನ ಜೋಡಣೆ ಬೇರೆ. ಮಾಲು ಹೊರಗೆ ಹೋಗುವಾಗ ಮಾತ್ರ ಎಲ್ಲರೂ ಒಂದೇ ಕ್ರಮ ಪಾಲಿಸ್ತಾರೆ. ಲಾರಿ ಆಫೀಸ್‌ನ ಎಲ್‌ಆರ್ ಚೀಟಿ ನೋಡಿದ್ದೀರಾ? ಕಳಿಸಿದವರು ಯಾರು, ಯಾರಿಗೆ, ಎಷ್ಟು ಬಂಡಲ್, ಒಳಗೇನಿದೆ. ಬಳೆ ಅಂಗಡಿಯವರಾಗ್ಲಿ ಬಟ್ಟೆ ಅಂಗಡಿಯವರಾಗ್ಲಿ, ಚೀಟಿ ಸರಿಯಾಗಿದ್ರೆ ಪಾರ್ಸಲ್ ತಲುಪುತ್ತೆ.

ಫೆಡಿವರ್ಸ್‌ನ ಎಲ್‌ಆರ್ ಚೀಟಿಗೆ ಆಕ್ಟಿವಿಟಿಪಬ್ ಅಂತ ಹೆಸರು. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಇದನ್ನು ಅಧಿಕೃತವಾಗಿ ಶಿಫಾರಸು ಮಾಡಿತು. ಕೆಲಸ ಹೀಗೆ ನಡೆಯುತ್ತೆ: ಪ್ರತಿ ಬಳಕೆದಾರರಿಗೂ ಒಂದು ಇನ್‌ಬಾಕ್ಸ್, ಒಂದು ಔಟ್‌ಬಾಕ್ಸ್ ಇರುತ್ತೆ. ನೀವು ಪೋಸ್ಟ್ ಹಾಕಿದ್ರೆ ನಿಮ್ಮ ಸರ್ವರ್ ಅದನ್ನ ಒಂದು ನಿಗದಿತ ರೂಪದಲ್ಲಿ ಕಟ್ಟಿ, ತನ್ನ ಸಹಿ ಹಾಕಿ, ನಿಮ್ಮನ್ನು ಫಾಲೋ ಮಾಡೋರು ಇರೋ ಸರ್ವರ್‌ಗಳ ಇನ್‌ಬಾಕ್ಸ್‌ಗೆ ತಲುಪಿಸುತ್ತೆ. ವಿಳಾಸ ಇಮೇಲ್ ಥರ, ಹೆಸರು ಮತ್ತು ಸರ್ವರ್ ಎರಡೂ ಇರುತ್ತೆ. ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗೋದು ಹೇಗೆ ನಮಗೆ ಆಶ್ಚರ್ಯ ಅನ್ಸಲ್ವೋ, ಇಲ್ಲೂ ಹಾಗೇ.

ಅಂದ್ರೆ ನೀವು ಒಪ್ಪಬೇಕಾಗಿರೋದು ಚೀಟಿಯ ಕ್ರಮವನ್ನ ಮಾತ್ರ. ಅಂಗಡಿಯ ಒಳಗೆ ಹೇಗಾದ್ರೂ ಜೋಡಿಸ್ಕೊಳ್ಳಿ. ಇಷ್ಟೊಂದು ಸಾಫ್ಟ್‌ವೇರ್ ಹುಟ್ಟಿದ್ದು ಇದೇ ಕಾರಣಕ್ಕೆ.

ಯಾವ ಪೇಟೆಯಲ್ಲಿ ಏನು ಸಿಗುತ್ತೆ?

ಎಲ್ಲರಿಗೂ ಗೊತ್ತಿರೋದು ಮಸ್ಟೊಡಾನ್. 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೋ ಶುರು ಮಾಡಿದ್ದು. ಟ್ವಿಟರ್ ಥರ ಸಣ್ಣ ಪೋಸ್ಟ್‌ಗಳು, ಸಾಮಾನ್ಯವಾಗಿ 500 ಅಕ್ಷರದ ಮಿತಿ. ಭಾರತದಲ್ಲಿ ಇದರ ಹೆಸರು ಜೋರಾಗಿ ಕೇಳಿಸಿದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ಅನೇಕರು ಪ್ರತಿಭಟಿಸಿ ಇಲ್ಲಿಗೆ ಬಂದರು. ಮತ್ತೆ 2022ರ ಕೊನೆಯಲ್ಲಿ ಎಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಜಗತ್ತಿನ ಎಲ್ಲ ಕಡೆಯಿಂದ ಇನ್ನೊಂದು ಅಲೆ.

ಅದಕ್ಕೂ ಹಳೆಯದು ಫ್ರೆಂಡಿಕಾ, 2010ರದ್ದು. ಫೇಸ್‌ಬುಕ್ ಥರ ಉದ್ದ ಬರಹ ಹಾಕಬಹುದು. ಜಪಾನಿನ ಮಿಸ್‌ಕೀಯಲ್ಲಿ ಪೋಸ್ಟ್‌ಗೆ ನೂರು ಥರದ ಇಮೋಜಿ ಅಂಟಿಸಬಹುದು. ಪಿಕ್ಸೆಲ್‌ಫೆಡ್ ಫೋಟೋಗೆ. ಪೀರ್‌ಟ್ಯೂಬ್ ವಿಡಿಯೋಗೆ, ಅದನ್ನ ಬೆಳೆಸಿದ್ದು ಫ್ರಾನ್ಸ್‌ನ ಫ್ರಾಮಾಸಾಫ್ಟ್ ಸಂಸ್ಥೆ. ಲೆಮ್ಮಿ ರೆಡ್ಡಿಟ್ ಥರದ ಚರ್ಚೆಗೆ. ಬುಕ್‌ವರ್ಮ್ ಓದಿದ ಪುಸ್ತಕಗಳ ಬಗ್ಗೆ ಮಾತಾಡೋಕೆ. ಮೊಬಿಲಿಜಾನ್ ಕಾರ್ಯಕ್ರಮ, ಸಭೆಗಳಿಗೆ. ಪಾಡ್‌ಕಾಸ್ಟ್‌ಗೂ ಒಂದಿದೆ, ಕಾಸ್ಟೊಪಾಡ್. ಅದರಲ್ಲಿ ಹಾಕಿದ ಸಂಚಿಕೆಗೆ ಕೇಳುಗರು ತಮ್ಮ ಮಸ್ಟೊಡಾನ್ ಖಾತೆಯಿಂದಲೇ ಕಾಮೆಂಟ್ ಮಾಡಬಹುದು. ಇನ್ನು ವರ್ಡ್‌ಪ್ರೆಸ್ ಸೈಟ್‌ಗೆ ಒಂದು ಪ್ಲಗಿನ್ ಹಾಕಿದ್ರೆ ಆ ಸೈಟನ್ನೇ ಫಾಲೋ ಮಾಡಬಹುದು. ಮೆಟಾ ಕಂಪನಿಯ ಥ್ರೆಡ್ಸ್ ಕೂಡ 2024ರಿಂದ ಸ್ವಲ್ಪ ಮಟ್ಟಿಗೆ ಈ ಭಾಷೆ ಮಾತಾಡ್ತಿದೆ.

ನಾನು ಮಾಡಿದ ಎಡವಟ್ಟು

ಸರಿ, ಚಿಕ್ಕಪ್ಪನ ಅಂಗಡಿಗೆ ಒಂದು ಸರ್ವರ್ ಹಾಕೋಣ ಅಂತ ಕೂತೆ. ಹೆಸರು ಗೊತ್ತಿದೆಯಲ್ಲ ಅಂತ ಮಸ್ಟೊಡಾನ್ ಹಾಕಿದೆ. ತಿಂಗಳ ಬಾಡಿಗೆಗೆ ತಗೊಂಡಿದ್ದು 1 ಜಿಬಿ ಮೆಮೊರಿಯ ಪುಟ್ಟ ಯಂತ್ರ. ಮಸ್ಟೊಡಾನ್ ಅಂದ್ರೆ ಒಂದೇ ಪ್ರೋಗ್ರಾಂ ಅಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್, ರೆಡಿಸ್, ಹಿನ್ನೆಲೆ ಕೆಲಸಕ್ಕೆ ಸೈಡ್‌ಕಿಕ್, ಇವೆಲ್ಲ ಒಟ್ಟಿಗೆ ಓಡಬೇಕು. ಚಿಕ್ಕಪ್ಪ ಒಂದೇ ಸಲ ನಾಲ್ಕು ರಿಬ್ಬನ್ ಫೋಟೋ ಹಾಕಿದ್ರು, ಸರ್ವರ್ ಮಲಗಿಬಿಡ್ತು. ಸಾವಿರಾರು ಜನರಿಗೆ ಅಂತ ಕಟ್ಟಿದ ವ್ಯವಸ್ಥೆಯನ್ನ ಮೂರು ಜನಕ್ಕೆ, ಅದೂ ಸಣ್ಣ ಯಂತ್ರದಲ್ಲಿ ಓಡಿಸೋಕೆ ಹೋಗಿದ್ದು ನನ್ನದೇ ತಪ್ಪು. ಹತ್ತು ಜನರ ಊಟಕ್ಕೆ ಕಲ್ಯಾಣ ಮಂಟಪ ಬುಕ್ ಮಾಡಿದ ಹಾಗೆ.

ಆಮೇಲೆ ಗೋಟುಸೋಷಿಯಲ್ ಹಾಕಿದೆ. ಅದು ಸಣ್ಣ ಸರ್ವರ್‌ಗಳಿಗೆ ಅಂತಲೇ ಮಾಡಿರೋದು. ಒಂದೇ ಪ್ರೋಗ್ರಾಂ, ಡೇಟಾಬೇಸ್‌ಗೆ ಒಂದು ಫೈಲ್ ಸಾಕು. ಪೋಸ್ಟ್ ಮಾಡೋಕೆ ಅದರಲ್ಲಿ ಸ್ವಂತ ಪರದೆ ಇಲ್ಲ. ಮಸ್ಟೊಡಾನ್‌ಗೆ ಅಂತ ಮಾಡಿರೋ ಟಸ್ಕಿ ಥರದ ಮೊಬೈಲ್ ಆ್ಯಪ್ ಹಾಕ್ಕೊಂಡು ಲಾಗಿನ್ ಆಗಬೇಕು. ಚಿಕ್ಕಪ್ಪನಿಗೆ ಬೇಕಾಗಿದ್ದೂ ಅಷ್ಟೇ, ಫೋನ್‌ನಲ್ಲಿ ಒಂದು ಆ್ಯಪ್. ಅದೇ 1 ಜಿಬಿ ಯಂತ್ರದಲ್ಲಿ ಈಗಲೂ ಓಡ್ತಾ ಇದೆ. ಜರ್ಮನಿಯಲ್ಲಿರೋ ನನ್ನ ಕಸಿನ್ ತನ್ನ ಮಸ್ಟೊಡಾನ್ ಖಾತೆಯಿಂದ “ಚಿಕ್ಕಪ್ಪ, ಈ ಬಂಗಾರದ ಬಣ್ಣದ ರಿಬ್ಬನ್ ನನ್ನ ಮದುವೆಗೂ ಇದ್ದಿದ್ರೆ!” ಅಂತ ಬರೆದಾಗ, ಚಿಕ್ಕಪ್ಪ ಅದನ್ನ ಪಕ್ಕದ ಅಂಗಡಿಯವರಿಗೆಲ್ಲ ತೋರಿಸಿದ್ರು.

ವೈವಿಧ್ಯ ಕಾಪಾಡೋದು ಹೇಗೆ?

ಇಲ್ಲಿ ಒಂದು ಗಂಭೀರ ವಿಷಯ. 2023ರ ಜುಲೈನಲ್ಲಿ ಮಸ್ಟೊಡಾನ್‌ನಲ್ಲಿ ದೊಡ್ಡ ಭದ್ರತಾ ಲೋಪ ಬಯಲಾಯ್ತು. ವಿಶೇಷವಾಗಿ ತಯಾರಿಸಿದ ಒಂದು ಮೀಡಿಯಾ ಫೈಲ್ ಬಳಸಿ ಸರ್ವರ್‌ನ ಒಳಗೆ ಬೇಕಾದ ಕಡೆ ಫೈಲ್ ಸೃಷ್ಟಿಸೋಕೆ ಸಾಧ್ಯವಿತ್ತು, ಅಂದ್ರೆ ಇಡೀ ಸರ್ವರ್ ಕೈವಶ ಆಗಬಹುದಿತ್ತು. ಅದಕ್ಕೆ ಟೂಟ್‌ರೂಟ್ ಅಂತ ಅಡ್ಡಹೆಸರು ಬಿತ್ತು. ಮೊಜಿಲ್ಲಾ ಹಣ ಕೊಟ್ಟು ಮಾಡಿಸಿದ ತಪಾಸಣೆಯಲ್ಲಿ ಇದು ಸಿಕ್ಕಿದ್ದು. 2024ರ ಫೆಬ್ರವರಿಯಲ್ಲಿ ಇನ್ನೊಂದು: ಬೇರೆಯವರ ಖಾತೆಯ ಸೋಗು ಹಾಕೋಕೆ ದಾರಿ ಕೊಡೋ ಲೋಪ. ಎರಡೂ ಸಲ ಮಸ್ಟೊಡಾನ್ ತಂಡ ಬೇಗ ಸರಿಪಡಿಸಿತು.

ಆದ್ರೆ ಯೋಚನೆ ಮಾಡಿ. ಪೇಟೆಯ ಎಲ್ಲ ಅಂಗಡಿಗೂ ಒಂದೇ ಕಂಪನಿಯ, ಒಂದೇ ಮಾದರಿಯ ಬೀಗ ಇದ್ದು, ಅದರ ಗುಟ್ಟು ಒಬ್ಬ ಕಳ್ಳನಿಗೆ ಗೊತ್ತಾದ್ರೆ? ಇಡೀ ಬೀದಿ ಹೋಯ್ತು. ಬೇರೆ ಬೇರೆ ಬೀಗ ಇದ್ರೆ ಕೆಲವು ಅಂಗಡಿಯಾದ್ರೂ ಉಳಿಯುತ್ತೆ. ಬೇರೆಯವರು, ಬೇರೆ ಭಾಷೆಯಲ್ಲಿ ಬರೆದ ಕೋಡ್‌ನಲ್ಲಿ ಅದೇ ತಪ್ಪು ಅದೇ ಜಾಗದಲ್ಲಿ ಇರೋ ಸಾಧ್ಯತೆ ಕಡಿಮೆ. ಬೇರೆ ತಪ್ಪು ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಎಲ್ಲರೂ ಒಂದೇ ದಿನ ಬೀಳಲ್ಲ.

ಇನ್ನೊಂದು ಲಾಭ ಇದೆ. 2023ರಲ್ಲಿ ರೆಡ್ಡಿಟ್ ಗಲಾಟೆ ನಡೆದಾಗ ಕೆಬಿನ್ ಅನ್ನೋ ಸಾಫ್ಟ್‌ವೇರ್‌ಗೆ ತುಂಬ ಜನ ಬಂದ್ರು. ಮುಖ್ಯವಾಗಿ ಒಬ್ಬರೇ ನಡೆಸ್ತಿದ್ದ ಯೋಜನೆ, ಕೆಲಸ ಕುಂಟೋಕೆ ಶುರುವಾಯ್ತು. ಕೋಡ್ ಮುಕ್ತವಾಗಿದ್ದರಿಂದ ಬೇರೆಯವರು ಅದನ್ನೇ ತಗೊಂಡು ಎಂಬಿನ್ ಅಂತ ಮುಂದುವರಿಸಿದ್ರು. ಒಬ್ಬರು ಸುಸ್ತಾದ್ರೆ ಇನ್ನೊಬ್ಬರು ಹೊರೆ ಹೊತ್ತರು. ಹಳದಿ ಹಕ್ಕಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇ.

ಬರೀ ಹೊಗಳಿಕೆ ಬೇಡ

ತೊಂದರೆಗಳನ್ನೂ ಹೇಳಿಬಿಡ್ತೀನಿ. ಒಂದು, ಚೀಟಿ ಒಂದೇ ಆದ್ರೂ ಓದೋ ರೀತಿ ಬೇರೆ. ಮಿಸ್‌ಕೀಯಲ್ಲಿ ಯಾರೋ ಪ್ರೀತಿಯಿಂದ ಅಂಟಿಸಿದ ಇಮೋಜಿ ಇನ್ನೊಂದು ಕಡೆ ಬರೀ ಲೈಕ್ ಆಗಿ ಕಾಣಬಹುದು. ಲೆಮ್ಮಿಯ ಚರ್ಚೆ ಮಸ್ಟೊಡಾನ್‌ನಲ್ಲಿ ತಲೆಬಾಲ ಇಲ್ಲದ ಹಾಗೆ ಕಾಣುತ್ತೆ. ನಮ್ಮದೇ ಪೋಸ್ಟ್‌ಗಳು ಒಂದು ಸರ್ವರ್‌ಗೆ ಎರಡು ವಾರ ತಲುಪಲೇ ಇಲ್ಲ. ಗೋಟುಸೋಷಿಯಲ್ ಪ್ರತಿ ಕೋರಿಕೆಗೂ ಸಹಿ ಕೇಳುತ್ತೆ, ಆ ಕಡೆಯವರ ಸೆಟ್ಟಿಂಗ್‌ನಲ್ಲಿ ಸಹಿ ಹಾಕೋದು ಆಫ್ ಆಗಿತ್ತು. ಕಂಡುಹಿಡಿಯೋಕೆ ನನಗೆ ಒಂದು ಭಾನುವಾರ ಪೂರ್ತಿ ಬೇಕಾಯ್ತು.

ಎರಡು, ಮನೆ ಬದಲಾಯಿಸೋದು ಪೂರ್ತಿ ಸುಲಭ ಅಲ್ಲ. ಮಸ್ಟೊಡಾನ್ ಥರದ ಕಡೆ ಖಾತೆ ಸ್ಥಳಾಂತರ ಮಾಡಿದ್ರೆ ಫಾಲೋವರ್‌ಗಳು ಹೊಸ ವಿಳಾಸಕ್ಕೆ ಬರ್ತಾರೆ, ಹಳೇ ಪೋಸ್ಟ್ ಬರಲ್ಲ. ಅದೇ ಡೊಮೇನ್ ಹೆಸರಿನ ಮೇಲೆ ಒಂದು ಸಾಫ್ಟ್‌ವೇರ್ ತೆಗೆದು ಇನ್ನೊಂದು ಹಾಕಿದ್ರೂ ಕಷ್ಟ, ಯಾಕಂದ್ರೆ ಬೇರೆ ಸರ್ವರ್‌ಗಳು ನಿಮ್ಮ ಹಳೇ ಸಹಿಯ ಗುರುತನ್ನೇ ನೆನಪಿಟ್ಟುಕೊಂಡಿರುತ್ತವೆ. ಅದಕ್ಕೇ ನಾನು ಎರಡನೇ ಸಲ ಬೇರೆ ಉಪಡೊಮೇನ್ ತಗೊಂಡೆ.

ಮೂರು, ವೈವಿಧ್ಯ ಇದೆ ಅಂತ ಹೇಳ್ತೀವಿ, ಆದ್ರೆ ಜನ ಹೆಚ್ಚಾಗಿ ಇರೋದು ಮಸ್ಟೊಡಾನ್‌ನಲ್ಲೇ. ಅದು ಏನು ಮಾಡುತ್ತೋ ಅದಕ್ಕೆ ಉಳಿದವರೂ ಹೊಂದಿಕೊಳ್ಳಬೇಕಾಗುತ್ತೆ. ಮಾನದಂಡ ಕಾಗದದ ಮೇಲೆ ಒಂದು, ರೂಢಿಯಲ್ಲಿ ಇನ್ನೊಂದು. ಹಾಗಾಗಿ ಸಣ್ಣ ಸಾಫ್ಟ್‌ವೇರ್‌ಗಳನ್ನ ಬಳಸೋರು ಇರಬೇಕು, ಇಲ್ಲಾಂದ್ರೆ ಪೇಟೆಗಳ ಹೆಸರು ಉಳಿಯುತ್ತೆ, ಅಂಗಡಿ ಒಂದೇ ಆಗುತ್ತೆ.

ಹಾಗಾದ್ರೆ ನೀವೇನು ಮಾಡಬೇಕು?

ಸುಮ್ನೆ ನೋಡಬೇಕು ಅನ್ನೋರು ಸರ್ವರ್ ನಡೆಸೋಕೆ ಹೋಗಬೇಡಿ. ಯಾರೋ ಚೆನ್ನಾಗಿ ನಡೆಸ್ತಿರೋ ಕಡೆ ಖಾತೆ ತೆರೆಯಿರಿ. ಅಲ್ಲಿನ ನಿಯಮ ಏನು, ಖರ್ಚು ಯಾರು ಕೊಡ್ತಾರೆ ಅಂತ ಮೊದಲು ಓದಿ. ಫೋಟೋ ನಿಮ್ಮ ಜೀವ ಆದ್ರೆ ಪಿಕ್ಸೆಲ್‌ಫೆಡ್ ಸರ್ವರ್, ಚರ್ಚೆ ಇಷ್ಟ ಆದ್ರೆ ಲೆಮ್ಮಿ ಸರ್ವರ್. ಸ್ವಂತದ್ದೇ ಬೇಕು ಅಂದ್ರೆ ಮೂರು ಪ್ರಶ್ನೆ ಕೇಳ್ಕೊಳ್ಳಿ: ಎಷ್ಟು ಜನಕ್ಕೆ? ಏನು ಹಾಕೋಕೆ? ರಾತ್ರಿ ಹನ್ನೊಂದಕ್ಕೆ ಅಪ್‌ಡೇಟ್ ಬಂದ್ರೆ ಎದ್ದು ಹಾಕೋರು ಯಾರು? ಮೂರನೇದಕ್ಕೆ ಉತ್ತರ ಇಲ್ಲದಿದ್ರೆ ಮೊದಲ ಎರಡನ್ನ ಬಿಟ್ಟುಬಿಡಿ.

ಚಿಕ್ಕಪ್ಪನ ಗಿರಾಕಿಗಳೆಲ್ಲ ಅಲ್ಲಿಗೆ ಬಂದ್ರಾ? ಇಲ್ಲ. ಇವತ್ತಿಗೂ ಆರ್ಡರ್ ಬರೋದು ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲೇ. ಆ ದೀಪಾವಳಿಯ ನಷ್ಟ ನಷ್ಟವೇ. ಆದ್ರೆ ಈಗ ಅಂಗಡಿಯ ವಿಸಿಟಿಂಗ್ ಕಾರ್ಡ್ ಹಿಂದೆ ಸ್ವಂತ ಡೊಮೇನ್‌ನ ವಿಳಾಸ ಅಚ್ಚಾಗಿದೆ. ಮೊನ್ನೆ ಕೇಳಿದ್ರು: “ಪುಟ್ಟಿ, ಈ ಸಾಫ್ಟ್‌ವೇರ್ ಮಾಡೋರೂ ಒಂದಿನ ಬಿಟ್ಟುಬಿಟ್ರೆ?”

“ಇನ್ನೊಂದು ಹಾಕೋಣ, ಚಿಕ್ಕಪ್ಪ. ಬೋರ್ಡ್ ನಿಮ್ಮದೇ ಇದೆಯಲ್ಲ” ಅಂದೆ.

“ಹಂಗಾದ್ರೆ ಸರಿ” ಅಂತ ಹೇಳಿ ರಿಬ್ಬನ್ ಅಳೆಯೋಕೆ ಹೋದ್ರು.

ನಿಮ್ಮ ಅನುಭವ ಏನು? ವಾಯ್ಸ್ ಮೆಸೇಜ್ ಕಳಿಸಿ.