ಜಪ್ತಿಯ ಮನೆಯಲ್ಲಿ ಹಾಡು

ಅಮೀನರು ಬಂದು ಮನೆಯ ಮೇಜು ಕುರ್ಚಿಗಳನ್ನು ಜಪ್ತಿ ಮಾಡುವಾಗ ಯಾರಾದರೂ ಹಾಡುವುದುಂಟೆ? ‘ದೀ ಡ್ರೈ ಫಾನ್ ಡೆರ್ ಟಾಂಕ್‌ಶ್ಟೆಲ್ಲೆ’ ಎಂಬ ಜರ್ಮನ್ ವಾಕ್ಚಿತ್ರದಲ್ಲಿ ಹಾಡುತ್ತಾರೆ. ‘ಪೆಟ್ರೋಲ್ ಬಂಕಿನ ಮೂವರು’ ಎಂದು ಆ ಹೆಸರಿನ ಅರ್ಥ. ಪ್ರವಾಸದಿಂದ ಮರಳಿದ ಮೂವರು ಗೆಳೆಯರಿಗೆ ತಾವು ದಿವಾಳಿಯಾದ ಸಂಗತಿ ಹೊಸ್ತಿಲಲ್ಲೇ ತಿಳಿಯುತ್ತದೆ. ಅಳಬೇಕಾದ ಆ ಗಳಿಗೆಯಲ್ಲಿ ಅವರು ಅಮೀನನನ್ನೇ ಕುರಿತು ಹಾಡಿ ಕುಣಿಯುತ್ತಾರೆ. ಜಪ್ತಿಯ ಮುದ್ರೆಯಲ್ಲಿದ್ದ ಹದ್ದನ್ನು ಜರ್ಮನರು ಅಣಕಕ್ಕೆ ‘ಕುಕುಕ್’, ಎಂದರೆ ಕೋಗಿಲೆ, ಎನ್ನುತ್ತಿದ್ದರು. ಉಳಿದಿದ್ದ ಒಂದೇ ಕಾರನ್ನು ಮಾರಿ ಗೆಳೆಯರು ತೆರೆದ ಬಂಕಿಗೂ ಅದೇ ಹೆಸರು!

ಮುಂದಿನ ಕಥೆ ತೀರ ತೆಳುವಾದದ್ದು. ಸರದಿಯ ಮೇಲೆ ದುಡಿಯುವ ಮೂವರೂ ಪೆಟ್ರೋಲಿಗೆ ಬರುವ ಒಬ್ಬಳೇ ಶ್ರೀಮಂತ ತರುಣಿಗೆ, ಒಬ್ಬರಿಗೊಬ್ಬರು ತಿಳಿಯದಂತೆ, ಮನಸೋಲುತ್ತಾರೆ. ಗುಟ್ಟು ಬಯಲಾದಾಗ ಗೆಳೆತನವೇ ಅಲುಗುತ್ತದೆ. ಅವಳು ಒಲಿದವನು ಸಿಟ್ಟಿನಿಂದ ರಾಜೀನಾಮೆ ಪತ್ರವನ್ನು ಹೇಳಿ ಬರೆಯಿಸಿದರೆ, ಅವಳು ಅವನ ಮುಂದಿಡುವುದು ವಿವಾಹದ ಕರಾರು; ಅವನು ಓದದೆಯೇ ರುಜು ಹಾಕುತ್ತಾನೆ. ಕೊನೆಯಲ್ಲಿ ಪರದೆಯ ಮುಂದೆ ಬಂದ ಪ್ರೇಮಿಗಳು, ಪ್ರೇಕ್ಷಕರು ಇನ್ನೂ ಎದ್ದು ಹೋಗಿಲ್ಲವಲ್ಲ ಎಂದು ಬೆರಗಾಗುವ ಚೇಷ್ಟೆ ನನಗೆ ಇಡೀ ಕಥೆಗಿಂತ ಹೆಚ್ಚು ಪ್ರಿಯ.

ಬರ್ಲಿನ್ನಿನಲ್ಲಿ ಇದರ ಪ್ರಥಮ ಪ್ರದರ್ಶನ ನಡೆದದ್ದು 1930ರ ಸೆಪ್ಟೆಂಬರ್ 15ರಂದು. ಅದರ ಹಿಂದಿನ ದಿನದ ಚುನಾವಣೆಯಲ್ಲಿ ನಾಜಿ ಪಕ್ಷ 107 ಸ್ಥಾನಗಳನ್ನು ಗೆದ್ದಿತ್ತು. ನಿರುದ್ಯೋಗ ಊರೂರಿಗೆ ಹಬ್ಬುತ್ತಿದ್ದ ಕಾಲವದು. ಜಪ್ತಿ, ದಿವಾಳಿಗಳು ಪ್ರೇಕ್ಷಕರಿಗೆ ಅಪರಿಚಿತವಾಗಿರಲಿಲ್ಲ. ಅವನ್ನು ಕಂಡು ನಗಲು ಈ ಚಿತ್ರ ಅನುವು ಮಾಡಿಕೊಟ್ಟಿತು. ಹಾಡಿಗೆ ರಂಗಮಂಟಪದ ನೆಪ ಬೇಡ, ರಸ್ತೆಯ ಬದಿಯಲ್ಲೂ ಅದು ಹುಟ್ಟಬಹುದು ಎಂಬುದನ್ನು ನಿರ್ದೇಶಕ ವಿಲ್ಹೆಲ್ಮ್ ಟೀಲೆ ಮತ್ತು ಸಂಗೀತಗಾರ ವೆರ್ನರ್ ರಿಚರ್ಡ್ ಹೈಮನ್ ವಾಕ್ಚಿತ್ರದ ಶೈಶವದಲ್ಲೇ ಕಂಡುಕೊಂಡಿದ್ದರು. ನಾಯಕಿ ಲಿಲಿಯನ್ ಹಾರ್ವೆ ಇದರ ಫ್ರೆಂಚ್ ಆವೃತ್ತಿಯಲ್ಲಿಯೂ ತಾನೇ ನಟಿಸಿದಳು.

ಆ ನಗೆಯನ್ನು ಕಟ್ಟಿಕೊಟ್ಟವರ ಗತಿಯೇನಾಯಿತು? ಟೀಲೆ, ಹೈಮನ್, ನಿರ್ಮಾಪಕ ಎರಿಕ್ ಪೊಮ್ಮರ್ ಮೂವರೂ ಯೆಹೂದ್ಯರು. ಹಿಟ್ಲರನ ಆಳ್ವಿಕೆಯಲ್ಲಿ ಮೂವರೂ ದೇಶ ಬಿಟ್ಟರು. ಮೂವರು ಗೆಳೆಯರಲ್ಲಿ ಒಬ್ಬನಾಗಿದ್ದ ಆಸ್ಕರ್ ಕಾರ್ಲ್‌ವೈಸ್ ಕೂಡ ವಲಸೆ ಹೋದನು. ಉಳಿದಿಬ್ಬರು, ವಿಲ್ಲಿ ಫ್ರಿಚ್ ಮತ್ತು ಹೈನ್ಸ್ ರ್ಯೂಮನ್, ಅಲ್ಲಿಯೇ ನಿಂತು ತಾರೆಗಳಾಗಿ ಮೆರೆದರು. 1937ರಲ್ಲಿ ಚಿತ್ರವೇ ನಿಷಿದ್ಧವಾಯಿತು. ವಕೀಲನ ಪಾತ್ರದಲ್ಲಿ ನಗಿಸಿದ ಕುರ್ಟ್ ಗೆರಾನನನ್ನು ಟೆರೇಜಿನ್‌ಷ್ಟಾಟ್ ಶಿಬಿರದಲ್ಲಿ ಕೂಡಿಹಾಕಿ, ಶಿಬಿರವಾಸ ಸುಖಕರವೆಂದು ಲೋಕಕ್ಕೆ ತೋರುವ ಒಂದು ಚಿತ್ರವನ್ನು ಅವನಿಂದಲೇ ನಿರ್ದೇಶಿಸಿಸಿದರು. ಬಳಿಕ 1944ರಲ್ಲಿ ಆಷ್‌ವಿಟ್ಸಿಗೆ ಸಾಗಿಸಿ ಕೊಂದರು.

ಹೈಮನ್ 1951ರಲ್ಲಿ ಜರ್ಮನಿಗೆ ಮರಳಿದನು. ಗೆಳೆತನವನ್ನು ಕುರಿತು ಅವನು ಕಟ್ಟಿದ್ದ ಹಾಡು ಅಲ್ಲಿಯ ಜನರ ಬಾಯಲ್ಲಿ ಆಗಲೂ ಇತ್ತು.