ಮಳಿ ಬರವಲ್ದು

ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯ ಕಡೆ ಜೂನ್ ಕಳೆದರೂ ಮುಗಿಲು ಬರಿದಾಗಿದ್ದರೆ ಅದನ್ನು ಹೇಳಲು ಹಲವು ದಾರಿಗಳಿವೆ. ‘ಮಳಿ ಬಂದಿಲ್ಲ’ ಎಂದರೆ ಬರೀ ಸುದ್ದಿ. ‘ಮಳಿ ಬರಂಗಿಲ್ಲ’ ಎಂದರೆ ಆಸೆ ಬಿಟ್ಟಾಯಿತು. ‘ಮಳಿ ಬರವಲ್ದು’ ಎಂದಾಗ ಮಾತ್ರ ಕಾದು ಬೇಸತ್ತ ಸಿಟ್ಟೂ ಸೇರುತ್ತದೆ, ಮಳೆಯೇ ಹಟ ಹಿಡಿದು ಕೂತ ಹಾಗೆ.

ಈ ‘ವಲ್ದು’ ಎಂಬುದು ‘ಒಲ್ಲದು’ ಸವೆದು ಉಳಿದ ರೂಪ. ಹಳೆಯ ಕನ್ನಡದಲ್ಲಿ ಕಾಲಪ್ರತ್ಯಯವಿಲ್ಲದೆ ಧಾತುವಿಗೆ ಪುರುಷಪ್ರತ್ಯಯ ಹತ್ತಿದರೆ ಅದೇ ನಿಷೇಧವಾಗುತ್ತಿತ್ತು: ಬಾರೆನು, ಬಾರನು, ಬಾರದು. ಈಗ ಆ ಕೆಲಸವನ್ನು ‘ಇಲ್ಲ’ ವಹಿಸಿಕೊಂಡಿದೆ. ‘ನಾನು ಬಂದೆ, ಅವಳು ಬಂದಳು’ ಎನ್ನುವಾಗಿನ ವ್ಯತ್ಯಾಸ ‘ಬರಲಿಲ್ಲ’ ಎಂದೊಡನೆ ಮಾಯ. ಯಾರೇ ಆದರೂ ‘ಬರಲಿಲ್ಲ’ವೇ. ವಿಜಯಪುರದ ಆಡುಮಾತಿನ ‘ನಾ ಒಲ್ಲೆ’, ‘ಅಂವ ಬರವಲ್ಲ’, ‘ತಿಳೀವಲ್ದು’ಗಳಲ್ಲಿ ಹಳೆಯ ಪದ್ಧತಿ ಇನ್ನೂ ಜೀವಂತ. ಇದನ್ನು ಅಶುದ್ಧವೆಂದು ತಿದ್ದುವವರಿಗೆ ವ್ಯಾಕರಣ ಗೊತ್ತಿಲ್ಲವೆಂದೇ ನನ್ನ ಅನಿಸಿಕೆ.

ನಿಷೇಧದ ಮಾತು ಬಳಸಿ ಬಳಸಿ ಸಪ್ಪೆಯಾಗುತ್ತದೆ, ಆಗ ಜನ ಅದಕ್ಕೆ ಒತ್ತು ಕೂಡಿಸುತ್ತಾರೆ ಎಂದು ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ 1917ರಲ್ಲಿ ತೋರಿಸಿದ. ಇಂಗ್ಲಿಷಿನ ‘ನಾಟ್’ ಒಂದು ಕಾಲಕ್ಕೆ ‘ಏನೇನೂ ಇಲ್ಲ’ ಎಂಬ ಬಿರುಸಿನ ಪದ. ಹಳೆಯ ‘ನೆ’ಗೆ ಬಲ ಕೊಡಲು ಬಂದು ಅದನ್ನೇ ಹೊರದಬ್ಬಿತು. ಈಗ ‘ನಾಟ್’ ಕೂಡ ಸಪ್ಪೆ. ‘ಐ ಡೋಂಟ್ ಹ್ಯಾವ್ ಮನಿ’ ಎಂಬುದಕ್ಕಿಂತ ‘ಐ ಹ್ಯಾವ್ ನೋ ಮನಿ’ ಖಡಕ್ಕಾಗಿ ಕೇಳಿಸುತ್ತದೆ.

ನಮ್ಮಲ್ಲಿ ಆ ಖಡಕ್ಕುತನ ಒಂದು ಸ್ವರದಲ್ಲಿ ಅಡಗಿದೆ. ‘ಒಂದು ಹನಿಯೂ ಬಿದ್ದಿಲ್ಲ’ ಎನ್ನುವಾಗ ‘ಊ’ ತೀರ ಸಣ್ಣ ಅಳತೆಯನ್ನು ಹಿಡಿದು ಅದನ್ನೂ ಅಲ್ಲಗಳೆಯುತ್ತದೆ. ಅದಕ್ಕಿಂತ ಹೆಚ್ಚಿನದೆಲ್ಲ ತಾನಾಗಿ ಹೊರಗುಳಿಯುತ್ತದೆ. ‘ಬಂದೇ ಇಲ್ಲ’ ಎಂಬಲ್ಲಿ ‘ಏ’ ಕ್ರಿಯೆಗೂ ನಿಷೇಧಕ್ಕೂ ನಡುವೆ ನುಗ್ಗುತ್ತದೆ. ಈ ಭಾಗದ ಬಾಯಲ್ಲಿ ಅದು ‘ಬಂದಽ ಇಲ್ಲ’.

ಈ ‘ಊ’ ಇಲ್ಲದೆ ನಿಷೇಧದ ಜೊತೆ ಎಣಿಕೆ ಬಂದರೆ ಅರ್ಥ ಎರಡಾಗಬಹುದು. ಅದರ ಬಗ್ಗೆ ಭಾಷಾವಿಜ್ಞಾನಿಗಳಾದ ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕನ್ನಡದ ಮಕ್ಕಳೇ ಬೇಕಾದರು. ‘ಎರಡು ಪುಸ್ತಕ ಓದಲಿಲ್ಲ’ ಎಂದರೆ ಎರಡು ಪುಸ್ತಕ ಓದದೇ ಉಳಿದವೇ, ಅಥವಾ ಓದಿದ್ದು ಎರಡರಷ್ಟೂ ಆಗಲಿಲ್ಲವೇ? ಇಂಗ್ಲಿಷಿನಲ್ಲಿ ನಿಷೇಧ ಎಣಿಕೆಗಿಂತ ಮೊದಲು ಬರುತ್ತದೆ, ಕನ್ನಡದಲ್ಲಿ ಕೊನೆಗೆ. ಕಿವಿಗೆ ಬಿದ್ದ ಕ್ರಮವೇ ಮುಖ್ಯವಾಗಿದ್ದರೆ ಎರಡೂ ಕಡೆಯ ಮಕ್ಕಳ ಉತ್ತರ ಬೇರೆಯಾಗಬೇಕಿತ್ತು. ಆಗಲಿಲ್ಲ. ಎರಡೂ ಭಾಷೆಗಳ ನಾಲ್ಕು ವರ್ಷದ ಮಕ್ಕಳು ಇಂಥ ವಾಕ್ಯಗಳಿಗೆ ಎರಡನೆಯ ಅರ್ಥವನ್ನೇ ಹಿಡಿದರು: ಪದಗಳ ಸಾಲಿಗಿಂತ ವಾಕ್ಯದ ಒಳಗಟ್ಟು ಅವರಿಗೆ ದಾರಿ ತೋರಿಸಿತ್ತು. ‘ಊ’ ಸೇರಿಸಿ ‘ಎರಡೂ ಪುಸ್ತಕ ಓದಲಿಲ್ಲ’ ಎಂದಿದ್ದರೆ ಆ ಗೊಂದಲವೇ ಏಳುತ್ತಿರಲಿಲ್ಲ.