ಇಂಜಿನಿಯರಿಂಗ್ ವ್ಯಾಸಂಗದ ಕಡೆಯ ವರ್ಷದ ಪ್ರಾಜೆಕ್ಟು

ಹಳೆಯ ವಿದ್ಯಾರ್ಥಿನಿಯರು ಸೇರುವ ಕೂಟಗಳಲ್ಲಿ ಈಚೆಗೆ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತಿರುವುದು. "ಮಗಳು ಇಂಜಿನಿಯರಿಂಗ್ ಕಡೆಯ ವರ್ಷದಲ್ಲಿದ್ದಾಳೆ, ಅದೇನೋ ಪ್ರಾಜೆಕ್ಟಂತೆ, ರಾತ್ರಿ ಎಂಟಾದರೂ ಮನೆ ಸೇರುವುದಿಲ್ಲ, ಏನೆಂದು ಕೇಳಿದರೆ ನಿಮಗೆ ತಿಳಿಯುವುದಿಲ್ಲ ಎನ್ನುತ್ತಾಳೆ" ಎಂದು ತಾಯಂದಿರು ಹೇಳಿಕೊಳ್ಳುತ್ತಾರೆ. ಈ ಪ್ರಾಜೆಕ್ಟೆಂಬುದು ಏನು, ಅದು ಹೇಗೆ ನಡೆಯತಕ್ಕದ್ದು, ಮನೆಯವರು ಅದರಲ್ಲಿ ಎಷ್ಟರಮಟ್ಟಿಗೆ ಕೈಹಾಕಬಹುದು ಎಂಬುದನ್ನು ತಿಳಿದಮಟ್ಟಿಗೆ ಬರೆಯಬೇಕೆಂದು ಈ ಸಂಚಿಕೆಯ ಸಂಪಾದಿಕೆಯರು ಕೇಳಿದ್ದಾರೆ. ನಾನು ಇಂಜಿನಿಯರಳಲ್ಲ. ಕುಕ್ ಟೌನಿನ ನಮ್ಮ ಮನೆಯಲ್ಲಿ ಮಗಳ ಪ್ರಾಜೆಕ್ಟೊಂದು ಒಂದು ವರ್ಷಕಾಲ ನಡೆದುದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದವಳು; ಅಷ್ಟೇ ನನ್ನ ಅಧಿಕಾರ.

ಮೊದಲ ಮೂರು ವರ್ಷಗಳಲ್ಲಿ ವಿದ್ಯಾರ್ಥಿನಿಯು ಬಿಡಿಸುವ ಲೆಕ್ಕಗಳಿಗೆಲ್ಲ ಉತ್ತರವು ಪುಸ್ತಕದ ಕಡೆಯ ಪುಟಗಳಲ್ಲಿಯೋ ಉಪಾಧ್ಯಾಯರ ಕೈಯಲ್ಲಿಯೋ ಮೊದಲೇ ಇರುವುದು. ಪ್ರಯೋಗಶಾಲೆಯ ಪಾಠವೂ ಹಾಗೆಯೇ. ಬರಬೇಕಾದ ಅಂಕಿ ಇಷ್ಟೆಂದು ಎಲ್ಲರಿಗೂ ಗೊತ್ತು, ಬಾರದಿದ್ದರೆ ಹಿಂದಿನ ಬೆಂಚಿನವಳನ್ನು ಕೇಳಿ ಬರೆದುಕೊಳ್ಳುವುದೂ ಉಂಟು. ಕಡೆಯ ವರ್ಷದ ಪ್ರಾಜೆಕ್ಟು ಮಾತ್ರ ಬೇರೆ ಜಾತಿಯದು. ಉತ್ತರವು ಯಾರ ಕೈಯಲ್ಲಿಯೂ ಇಲ್ಲದ ಒಂದು ಪ್ರಶ್ನೆಯನ್ನು ತಾನೇ ಆರಿಸಿಕೊಂಡು, ಸಾಧನವನ್ನು ಕಟ್ಟಿ, ಅದು ನಡೆಯುವುದೋ ಇಲ್ಲವೋ ಎಂದು ಪರೀಕ್ಷಿಸಿ, ಕಂಡದ್ದನ್ನು ಬರೆದು, ಪರೀಕ್ಷಕರ ಮುಂದೆ ನಿಂತು ಸಮರ್ಥಿಸತಕ್ಕದ್ದು. ನಾಲ್ಕು ವರ್ಷಗಳ ವ್ಯಾಸಂಗದಲ್ಲಿ ಆಕೆ ನಿಜವಾಗಿ ಇಂಜಿನಿಯರಳಾಗಿ ನಡೆದುಕೊಳ್ಳುವುದು ಇದೊಂದು ಸಂದರ್ಭದಲ್ಲಿಯೇ ಎಂದು ನನಗೆ ತೋರುತ್ತದೆ.

ಆನರ್ಸ್ ಎಂಬ ಮಾತಿನ ವಿಷಯವಾಗಿ ಪೋಷಕರಲ್ಲಿ ಸ್ವಲ್ಪ ಗೊಂದಲವಿದೆ. ಬ್ರಿಟನ್, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಆನರ್ಸ್ ಪದವಿಗೆ ಕಡೆಯ ವರ್ಷದ ಪ್ರಾಜೆಕ್ಟೇ ಮುಖ್ಯವಾದ ಕಂಬ. ನಮ್ಮಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು (ಸ್ಥಾಪನೆ ೧೯೯೮) ನಿಗದಿತ ವ್ಯಾಸಂಗದ ಮೇಲೆ ಹೆಚ್ಚಿನ ಪಾಠಗಳನ್ನು ಮುಗಿಸಿದವರಿಗೆ ಆನರ್ಸ್ ಎಂಬ ವಿಶೇಷಣವನ್ನು ಕೊಡುತ್ತದೆ. ಪ್ರಾಜೆಕ್ಟಾದರೋ ಆನರ್ಸ್ ಬಯಸಿದವರಿಗೂ ಬಯಸದವರಿಗೂ ಸಮನಾಗಿ ಕಡ್ಡಾಯವೇ. ಆದಕಾರಣ "ನಮ್ಮ ಹುಡುಗಿಗೆ ಆನರ್ಸ್ ಬೇಡ, ಪ್ರಾಜೆಕ್ಟೂ ಬೇಡ" ಎಂದು ತಪ್ಪಿಸಿಕೊಳ್ಳುವ ದಾರಿಯಿಲ್ಲ.

ನಮ್ಮ ಊರಿನಲ್ಲಿ ಈ ವಿದ್ಯೆಗೆ ನೂರು ವರ್ಷಗಳ ಮೇಲ್ಪಟ್ಟ ಚರಿತ್ರೆಯುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ೧೯೧೭ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಹೆಣ್ಣುಮಕ್ಕಳು ಈ ದಾರಿಗೆ ಬಂದದ್ದು ತಡವಾಗಿ. ಮದರಾಸಿನ ಗಿಂಡಿ ಕಾಲೇಜಿನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿದ ಎ. ಲಲಿತಾ ಎಂಬವರು ಹಸುಗೂಸಿನ ತಾಯಿಯಾಗಿದ್ದ ಬಾಲವಿಧವೆ. ಜಮಾಲ್‌ಪುರದ ರೈಲ್ವೆ ಕಾರ್ಖಾನೆಯಲ್ಲಿ ಕೈಕೆಲಸದ ತರಬೇತಿಯನ್ನೂ ಮುಗಿಸಿ ೧೯೪೩ರಲ್ಲಿ ತೇರ್ಗಡೆಯಾದರು. ಅವರ ಪದವಿಪತ್ರದಲ್ಲಿ ಪುರುಷವಾಚಕವು ಮೊದಲೇ ಅಚ್ಚಾಗಿದ್ದುದರಿಂದ ಅದನ್ನು ಹೊಡೆದು ಸ್ತ್ರೀವಾಚಕವನ್ನು ಬರೆದುಕೊಡಬೇಕಾಯಿತು. ಅದೇ ೧೯೪೩ರಲ್ಲಿ, ಇಲ್ಲಿಯ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿದ್ದ ರಾಜೇಶ್ವರಿಯವರು (ಮುಂದೆ ರಾಜೇಶ್ವರಿ ಚಟರ್ಜಿ) ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸೇರಿದರು. ೧೯೪೭ರಲ್ಲಿ ಹಡಗನ್ನೇರಿ ಅಮೆರಿಕೆಗೆ ಹೋಗಿ, ಮಿಷಿಗನ್ನಿನಲ್ಲಿ ಸಂಶೋಧನೆ ಮಾಡಿ, ೧೯೫೩ರಲ್ಲಿ ಹಿಂದಿರುಗಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು.

ಇನ್ನು ಕ್ರಮವನ್ನು ಹೇಳುತ್ತೇನೆ. ಸಾಮಾನ್ಯವಾಗಿ ನಾಲ್ವರವರೆಗೆ ಸೇರಿ ಒಂದು ತಂಡವಾಗುತ್ತದೆ. ಕಾಲೇಜಿನ ಅಧ್ಯಾಪಕರೊಬ್ಬರು ಗೈಡಾಗಿ ನೇಮಕವಾಗುತ್ತಾರೆ. ತಂಡವು ವಿಷಯವನ್ನು ಆರಿಸಿ, ಸಾರಾಂಶವನ್ನು ಬರೆದು ಒಪ್ಪಿಗೆ ಪಡೆಯಬೇಕು. ಆ ವಿಷಯದಲ್ಲಿ ಹಿಂದಿನವರು ಮಾಡಿರುವುದನ್ನು ಓದಿ ವರದಿಮಾಡಬೇಕು. ಅಲ್ಲಿಂದ ಮುಂದೆ ಕಟ್ಟುವುದು, ಕೆಡುವುದು, ಮತ್ತೆ ಕಟ್ಟುವುದು. ನಡುನಡುವೆ ವಿಭಾಗದವರ ಮುಂದೆ ವಿಮರ್ಶೆಗಳು. ಕಡೆಯಲ್ಲಿ ಮುದ್ರಿತ ವರದಿ, ಬೇರೆಯವರ ಬರಹವನ್ನು ನಕಲುಮಾಡಿಲ್ಲವೆಂಬುದರ ತಪಾಸಣೆ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ವೈವಾ ಎಂಬ ಮೌಖಿಕ ಪರೀಕ್ಷೆ. ಗೋಪುರವನ್ನು ಕಟ್ಟಹೊರಟವನ ಸಾಮ್ಯವನ್ನು ನಾವೆಲ್ಲ ಸ್ಕ್ರಿಪ್ಚರ್ ತರಗತಿಯಲ್ಲಿ ಓದಿದವರು. ಮೊದಲು ಕುಳಿತು ವೆಚ್ಚವನ್ನೂ ಕಾಲವನ್ನೂ ಲೆಕ್ಕಹಾಕದೆ ದೊಡ್ಡ ವಿಷಯವನ್ನು ಹಿಡಿದ ತಂಡಗಳು ಅರ್ಧದಲ್ಲಿ ನಿಲ್ಲುವುದು ಇಲ್ಲಿಯೂ ಸಾಮಾನ್ಯವಾಗಿದೆ.

ಹೀಗೆ ನಿಂತಾಗಲೇ ಒಂದು ಪ್ರಲೋಭನೆಯು ಬರುವುದು. ಕೆಲವು ಸಾವಿರ ರೂಪಾಯಿಗಳಿಗೆ ಸಿದ್ಧವಾದ ಪ್ರಾಜೆಕ್ಟನ್ನು, ಸಾಧನವೂ ವರದಿಯೂ ವೈವಾದಲ್ಲಿ ಹೇಳತಕ್ಕ ಉತ್ತರಗಳೂ ಸಹಿತವಾಗಿ, ಮಾರುವ ಅಂಗಡಿಗಳು ನಮ್ಮ ನಗರದಲ್ಲಿ ಇವೆ. ಕೊಳ್ಳುವವರು ಮಕ್ಕಳಾದರೂ ಹಣ ಕೊಡುವವರು ನಾವು. ಆದ್ದರಿಂದ ಈ ಸಂಗತಿಯನ್ನು ಪೋಷಕರಿಗೆ ಮರೆಮಾಚದೆ ಹೇಳಬೇಕಾಗಿದೆ. "ಹೇಗಾದರೂ ಮುಗಿದರೆ ಸಾಕು, ಮದುವೆಯ ಮಾತು ನಡೆದಿದೆ" ಎಂದು ತಾನೇ ಹಣವನ್ನು ಎಣಿಸಿಕೊಟ್ಟ ತಂದೆಯೊಬ್ಬರನ್ನು ನಾನು ಬಲ್ಲೆ. ನಾನೂ ಒಂದು ರಾತ್ರಿ ಆ ಯೋಚನೆಯನ್ನು ಮಾಡಿದವಳೇ. ಅದರ ಕಥೆಯನ್ನೇ ಈಗ ಹೇಳಹೊರಟಿರುವುದು.

೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಅನೇಕ ಕೊಳವೆಬಾವಿಗಳು ಬತ್ತಿದುದು ವಾಚಕರಿಗೆ ನೆನಪಿರಬಹುದು. ಸುಮಾರು ೧೦೦ ಕಿಲೋಮೀಟರ್ ದೂರದಿಂದ, ೫೦೦ ಮೀಟರಿನಷ್ಟು ಎತ್ತರಕ್ಕೆ ಪಂಪುಮಾಡಿ ತರುವ ಕಾವೇರಿಯ ನೀರು ಮನೆಯೊಳಗೆ ಸೋರಿಹೋಗುವುದನ್ನು ಕಂಡುಹಿಡಿಯಬೇಕೆಂದು ನನ್ನ ಮಗಳ ತಂಡವು ನಿಶ್ಚಯಿಸಿತು. ಉಪಾಯವು ಸುಲಭವಾದದ್ದು. ಮನೆಯವರೆಲ್ಲ ಮಲಗಿರುವ ವೇಳೆಯಲ್ಲಿ ಮಹಡಿಯ ತೊಟ್ಟಿಯ ನೀರಿನ ಮಟ್ಟ ಇಳಿದರೆ ಎಲ್ಲಿಯೋ ಸೋರಿಕೆಯಿದೆಯೆಂದು ಅರ್ಥ. ಮಟ್ಟವನ್ನು ಅಳೆಯಲು, ನಮ್ಮ ಕಿವಿಗೆ ಕೇಳಿಸದಷ್ಟು ಕೀಚಲಾದ ಶಬ್ದವನ್ನು ಮುಚ್ಚಳದಿಂದ ಕೆಳಕ್ಕೆ ಬಿಟ್ಟು, ನೀರಿಗೆ ತಗುಲಿ ಪ್ರತಿಧ್ವನಿಯು ಹಿಂದಿರುಗುವ ಕಾಲವನ್ನು ಎಣಿಸುವ ಸೆನ್ಸರನ್ನು ಬಳಸಿದರು. ನೀರು ಒಂದು ಮೀಟರ್ ಕೆಳಗಿದ್ದರೆ ಪ್ರತಿಧ್ವನಿ ಬರಲು ಒಂದು ಸೆಕೆಂಡಿನ ಸಾವಿರದಲ್ಲಿ ಆರು ಪಾಲಿಗಿಂತ ಸ್ವಲ್ಪ ಕಡಮೆ ಕಾಲ ಹಿಡಿಯುವುದು. ಬಿಡಿಸಾಮಾನುಗಳನ್ನೆಲ್ಲ ಹುಡುಗಿಯರು ತಾವೇ ಶಿವಾಜಿನಗರಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಾಯಿಸಿ ಎಸ್.ಪಿ. ರೋಡಿನಲ್ಲಿ ಚೌಕಾಸಿಮಾಡಿ ತಂದರು.

ಮೊದಲನೆಯ ಸೆನ್ಸರು ಹದಿನೈದು ದಿನ ಬಾಳಿತು. ಬೆಳಗಿನ ಜಾವದಲ್ಲಿ ಅದರ ಮುಖದ ಮೇಲೆ ನೀರಿನ ಹನಿಗಳು ಕೂಡಿ ಅಂಕಿಗಳು ಹುಚ್ಚುಹುಚ್ಚಾದವು, ತರುವಾಯ ತುಕ್ಕುಹಿಡಿಯಿತು. ತೇವಕ್ಕೆ ಕೆಡದ ಬೇರೊಂದು ಜಾತಿಯದನ್ನು ತಂದರೆ, ಅದು ಸುಮಾರು ೨೦ ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಅಳೆಯಲಾರದು. ತೊಟ್ಟಿ ತುಂಬಿದೊಡನೆ ಕುರುಡಾಗುತ್ತಿತ್ತು. ಮುಚ್ಚಳದ ಮೇಲೆ ಸಣ್ಣ ಪೀಠವನ್ನು ಮಾಡಿ ಅದನ್ನು ಎತ್ತರಿಸಿದರು. ಅಂತೂ ಸಾಧನವು ನಡೆಯಿತು. ನಡೆದ ಮೊದಲನೆಯ ವಾರವೇ ನಮ್ಮ ಮನೆಯಲ್ಲಿ ಪ್ರತಿರಾತ್ರಿಯೂ ಹತ್ತು ಲೀಟರಿನಷ್ಟು ನೀರು ಸೋರುತ್ತಿದೆಯೆಂದು ತೋರಿಸಿತು.

ಮಕ್ಕಳಿಗೆ ಹಿಡಿಸಲಾರದ ಸಂತೋಷ. ನನಗೆ ಗಾಬರಿ. ನಲ್ಲಿಯ ಕೆಲಸದವರನ್ನು ಕರೆಸಿದೆವು. ಅವರು ಅರ್ಧ ದಿವಸ ಸ್ನಾನದ ಮನೆಗಳ ನಲ್ಲಿಗಳನ್ನೂ ಕಮೋಡಿನ ತೊಟ್ಟಿಗಳನ್ನೂ ಬಿಚ್ಚಿ, ಒಂದು ಕಡೆ ಗೋಡೆಯನ್ನು ಕೂಡ ಒಡೆದು ನೋಡಿ, "ಅಮ್ಮಾ, ಎಲ್ಲೂ ಒಂದು ತೊಟ್ಟು ಸೋರ್ತಿಲ್ಲ" ಎಂದು ಹೇಳಿ ಕೂಲಿಯನ್ನು ತೆಗೆದುಕೊಂಡು ಹೋದರು. ಆ ರಾತ್ರಿಯೂ ಸಾಧನವು ಹತ್ತು ಲೀಟರೆಂದೇ ಹೇಳಿತು. ವೈವಾಕ್ಕೆ ಉಳಿದಿದ್ದುದು ಮೂರು ವಾರ. ತಂಡದ ಒಬ್ಬಳು ಅಳುತ್ತ, ಅಂಗಡಿಯಲ್ಲಿ ಸಿದ್ಧವಾದದ್ದನ್ನೇ ತಂದುಬಿಡೋಣವೆಂದಳು. ನಾನು ಬೀರುವಿನ ಬೀಗದ ಕೈಯನ್ನು ಹುಡುಕಿದ್ದು ಅಂದೇ.

ನನ್ನ ಮಗಳು ಒಪ್ಪಲಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಟಾರ್ಚನ್ನೂ ಅಳತೆಯ ಕೋಲನ್ನೂ ಹಿಡಿದು ಮಹಡಿಗೆ ಹತ್ತಿದಳು. ವಯಸ್ಸಿಗೆ ಬಂದ ಹುಡುಗಿ ಇಷ್ಟು ಹೊತ್ತಿನಲ್ಲಿ ಮಹಡಿಯ ಮೇಲೆ ನಿಂತರೆ ಎದುರು ಮನೆಯವರು ಏನೆಂದಾರು ಎಂದು ನಮ್ಮ ಅತ್ತೆಯವರು ಗೊಣಗಿದರು. ನಾನೂ ಜೊತೆಗೆ ಹತ್ತಿದೆನು. ತೊಟ್ಟಿಯಿಂದ ಮನೆಗೆ ಇಳಿಯುವ ಕೊಳವೆಯ ವಾಲ್ವನ್ನು ಆಕೆ ಪೂರ್ತಿಯಾಗಿ ಮುಚ್ಚಿದಳು. ಇನ್ನು ನೀರು ಹೊರಗೆ ಹೋಗುವಂತಿಲ್ಲ. ಕೋಲನ್ನು ನೀರಿನಲ್ಲಿ ನಿಲ್ಲಿಸಿ ಗುರುತುಮಾಡಿ ಇಳಿದು ಬಂದೆವು. ಬೆಳಗಿನ ಐದು ಗಂಟೆಗೆ ಹೋಗಿ ನೋಡಿದಾಗ ಕೋಲಿನ ಮೇಲೆ ನೀರು ಗುರುತಿನಲ್ಲಿಯೇ ಇತ್ತು. ಸಾಧನವು ಮಾತ್ರ ಮಟ್ಟವು ಒಂದು ಸೆಂಟಿಮೀಟರ್ ಇಳಿದಿದೆಯೆಂದು ಬರೆದಿಟ್ಟಿತ್ತು. ನಮ್ಮ ತೊಟ್ಟಿಯ ಅಗಲಕ್ಕೆ ಒಂದು ಸೆಂಟಿಮೀಟರೆಂದರೆ ಸುಮಾರು ಹತ್ತು ಲೀಟರ್.

"ನೀರಲ್ಲಮ್ಮ, ಗಾಳಿ!" ಎಂದು ಆಕೆ ಕೂಗಿದಳು. ಶಬ್ದದ ವೇಗವು ಎಲ್ಲ ಹೊತ್ತಿನಲ್ಲಿಯೂ ಒಂದೇ ಅಲ್ಲ. ಗಾಳಿಯ ಉಷ್ಣತೆಯು ೨೦ ಡಿಗ್ರಿಯಿದ್ದಾಗ ಅದು ಸೆಕೆಂಡಿಗೆ ಸುಮಾರು ೩೪೩ ಮೀಟರ್; ಒಂದೊಂದು ಡಿಗ್ರಿ ಏರಿದಂತೆ ಸುಮಾರು ೦.೬ ಮೀಟರ್ ಹೆಚ್ಚುತ್ತದೆ, ಇಳಿದಂತೆ ಅಷ್ಟೇ ತಗ್ಗುತ್ತದೆ. ಹಗಲೆಲ್ಲ ಬಿಸಿಲು ಕಾಯ್ದ ತೊಟ್ಟಿಯೊಳಗಿನ ಗಾಳಿಯು ರಾತ್ರಿ ಆರು ಡಿಗ್ರಿಯಷ್ಟು ತಣಿದರೆ ಶಬ್ದವು ನೂರಕ್ಕೆ ಒಂದರಷ್ಟು ನಿಧಾನವಾಗುವುದು. ಪ್ರತಿಧ್ವನಿಯು ತಡವಾಗಿ ಬರುವುದು. ವೇಗವು ಬದಲಾಗದೆಂದು ನಂಬಿದ ಸಾಧನವು ನೀರೇ ಕೆಳಗಿಳಿಯಿತೆಂದು ಭಾವಿಸುವುದು. ಒಂದು ಮೀಟರಿಗೆ ನೂರರಲ್ಲೊಂದು ಪಾಲೆಂದರೆ ಸರಿಯಾಗಿ ಆ ಒಂದು ಸೆಂಟಿಮೀಟರೇ. ಹಗಲಿನಲ್ಲಿ ನಾವು ನೀರನ್ನು ಬಳಸುತ್ತಲೇ ಇದ್ದುದರಿಂದ ಈ ತಪ್ಪು ಅದರೊಳಗೆ ಅಡಗಿಹೋಗಿತ್ತು. ಈ ನಿಯಮವು ಪಿ.ಯು.ಸಿ.ಯ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ. ನಾಲ್ವರೂ ಅದನ್ನು ಓದಿ ಅಂಕಗಳನ್ನು ಪಡೆದವರೇ; ತೊಟ್ಟಿಯ ಮುಚ್ಚಳವನ್ನು ತೆರೆಯುವವರೆಗೆ ಅದು ಒಬ್ಬಳಿಗೂ ನೆನಪಿಗೆ ಬಂದಿರಲಿಲ್ಲ.

ಪೀಠದ ಪಕ್ಕದಲ್ಲಿ ಉಷ್ಣವನ್ನು ಅಳೆಯುವ ಸಣ್ಣ ಸೆನ್ಸರೊಂದನ್ನು ಸೇರಿಸಿ, ಅದರಂತೆ ವೇಗವನ್ನು ತಿದ್ದಿಕೊಳ್ಳುವಂತೆ ಲೆಕ್ಕವನ್ನು ಬದಲಾಯಿಸಿದರು. ನಮ್ಮ ಮನೆಯ ಹತ್ತು ಲೀಟರ್ ಮಾಯವಾಯಿತು. ಅದೇ ಸಾಧನವನ್ನು ಪಕ್ಕದ ಮನೆಯಲ್ಲಿ ಇಟ್ಟು ನೋಡಿದಾಗ ಅಲ್ಲಿ ನಿಜವಾಗಿಯೂ ಸೋರಿಕೆಯಿದ್ದುದು ತಿಳಿದುಬಂತು. ಕಮೋಡಿನ ತೊಟ್ಟಿಯ ವಾಷರು ಸವೆದಿತ್ತು.

ತಪ್ಪಾಗಿ ಬಂದ ಆ ವಾರದ ಅಂಕಿಗಳನ್ನು ವರದಿಯಿಂದ ತೆಗೆದುಹಾಕಬೇಕೆಂದು ತಂಡದವರು ಯೋಚಿಸಿದ್ದರು. ಗೈಡಾಗಿದ್ದ ಅಧ್ಯಾಪಕಿಯವರು ಒಪ್ಪದೆ, ಅದನ್ನೇ ಒಂದು ಅಧ್ಯಾಯವಾಗಿ ಬರೆಯಿರೆಂದರು. ವೈವಾದಲ್ಲಿ ಪರೀಕ್ಷಕರು ಬೇರೆ ಪುಟಗಳನ್ನು ಬೇಗಬೇಗನೆ ತಿರುವಿ, ಆ ಅಧ್ಯಾಯದ ಮೇಲೆಯೇ ಬಹಳ ಹೊತ್ತು ಪ್ರಶ್ನೆಗಳನ್ನು ಹಾಕಿದರೆಂದು ಕೇಳಿದೆನು. ಅಂಗಡಿಯ ಪ್ರಾಜೆಕ್ಟಿನಲ್ಲಿ ಹೀಗೆ ಕೇಳಿದರೆ ಮಗುವು ಏನು ಹೇಳೀತು? ಅದರಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುವುದು. ತಪ್ಪಿದ್ದರೂ ಅದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಪೋಷಕರಿಗೆ ಕೆಲವು ವ್ಯಾವಹಾರಿಕ ಸಂಗತಿಗಳು. ಹಣದ ಮುಗ್ಗಟ್ಟಿದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯನ್ನು ಮರೆಯಬಾರದು. ೧೯೭೫ರಲ್ಲಿ ಸ್ಥಾಪಿತವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಈ ಮಂಡಳಿಯು ಕಡೆಯ ವರ್ಷದ ಪ್ರಾಜೆಕ್ಟುಗಳಿಗೆ ಸಹಾಯಧನವನ್ನು ಕೊಡುವ ಕಾರ್ಯಕ್ರಮವೊಂದನ್ನು ೧೯೭೭ರಿಂದ ನಡೆಸಿಕೊಂಡು ಬಂದಿದೆ. ಗೈಡಿನ ಮುಖಾಂತರ, ಕಾಲೇಜಿನ ಮೂಲಕ ಅರ್ಜಿ ಹೋಗಬೇಕು. ಆಯ್ಕೆಯಾದವುಗಳನ್ನು ತಜ್ಞರು ನಡುವೆ ಒಮ್ಮೆ ಪರಿಶೀಲಿಸುತ್ತಾರೆ. ಕಡೆಯಲ್ಲಿ ರಾಜ್ಯದ ಎಲ್ಲ ಕಡೆಯ ತಂಡಗಳೂ ಒಂದೆಡೆ ಸೇರಿ ಪ್ರದರ್ಶನವನ್ನು ನಡೆಸುತ್ತವೆ, ಉತ್ತಮವಾದವುಗಳಿಗೆ ಬಹುಮಾನವೂ ಉಂಟು. ಮೊತ್ತವು ದೊಡ್ಡದಲ್ಲ. ಆದರೆ ಊರಿಗೆ ಉಪಯೋಗವಾಗುವ ವಿಷಯವನ್ನು ಆರಿಸಿಕೊಳ್ಳಲು ಇದೊಂದು ಪ್ರೇರಣೆಯಾಗುವುದು.

ತಡವಾಗಿ ಬರುವ ವಿಷಯದಲ್ಲಿ, ಮಗಳನ್ನು ಬೇಗ ಬಾ ಎಂದು ಗದರಿಸುವುದಕ್ಕಿಂತ ಪ್ರಯೋಗಶಾಲೆಯು ಎಷ್ಟು ಹೊತ್ತಿನವರೆಗೆ ತೆರೆದಿರುವುದೆಂದು ವಿಚಾರಿಸಿ, ನಾಲ್ಕು ಮನೆಯವರು ಸರದಿಯಂತೆ ಕರೆತರುವ ಏರ್ಪಾಡನ್ನು ಮಾಡಿಕೊಳ್ಳುವುದು ಲೇಸು. ನಾವು ಹಾಗೆಯೇ ಮಾಡಿದೆವು. ಮನೆಯಲ್ಲಿ ಒಂದು ಮೇಜನ್ನು ಬಿಟ್ಟುಕೊಡಿರಿ. ಅದರ ಮೇಲಿನ ತಂತಿಗಳನ್ನು ಗುಡಿಸಿ ಚೆಲ್ಲದಂತೆ ಕೆಲಸದಾಕೆಗೆ ಮುಂಚೆಯೇ ಹೇಳಿಡಿರಿ. ನಮ್ಮಲ್ಲಿ ಒಮ್ಮೆ ಚೆಲ್ಲಿದುದರ ಫಲವಾಗಿ ಎಸ್.ಪಿ. ರೋಡಿಗೆ ಇನ್ನೊಂದು ಪ್ರಯಾಣ ಬೇಕಾಯಿತು.

ವರದಿಯ ಕಡೆಯಲ್ಲಿ ಖರ್ಚಿನ ಪಟ್ಟಿಯನ್ನು ಕೊಡಬೇಕಾಗುತ್ತದೆ. ಸೆನ್ಸರುಗಳು, ತಂತಿ, ಪೀಠದ ಮರ, ಬಸ್ಸಿನ ಚಾರ್ಜು ಎಂದು ಬರೆದ ಮೇಲೆ ನನ್ನ ಮಗಳು ನಲ್ಲಿಯ ಕೆಲಸದವರ ಅರ್ಧ ದಿವಸದ ಕೂಲಿಯನ್ನೂ ಒಡೆದ ಗೋಡೆಯ ಸಿಮೆಂಟನ್ನೂ ಸೇರಿಸಿದಳು. ಅದನ್ನು ಕಂಡು ಗೈಡು ನಕ್ಕರಂತೆ, ಹೊಡೆದುಹಾಕಲಿಲ್ಲ.